ತೇಲುವ ಆಡುಗಳಿಗೊಂದು ಬೇಲಿ

ಹೊಟ್ಟೆ ತುಂಬ ಮೇಯ್ದ ಆಡುಗಳು ಗಾಳಿಯಲ್ಲಿ ತೇಲುತ್ತಿದ್ದ ಕಾಲವದು. ಹೊನ್ನವ್ವನ ಆಡುಗಳು ತೇಲುತ್ತ ಹೋಗಿ ಪಕ್ಕದ ರುದ್ರಗೌಡರ ಶೇಂಗಾ ಹೊಲದಲ್ಲೇ ಇಳಿಯುತ್ತಿದ್ದವು. ದಿನಾ ಜಗಳವಾಡಿ ಸಾಕಾದ ಹೊನ್ನವ್ವ ಆಡುಗಳು ಮೇಯುವ ಜಾಗದ ಸುತ್ತಲೂ ಕಲ್ಲುಕಂಬ ನೆಟ್ಟು, ತಂತಿ ಬಿಗಿದು, ಮೇಲೆ ಬಲೆಯನ್ನೂ ಹೊದಿಸಿ ಕಾಯಂ ಬೇಲಿ ಮಾಡಿದಳು.

ತಪ್ಪು ಹುಡುಕಲೆಂದೇ ಬಂದ ಗೌಡರು ಕಂಬವೊಂದನ್ನು ತಬ್ಬಿ ಅಲ್ಲಾಡಿಸಿದರು. "ಇದು ನಿಲ್ಲೂದಿಲ್ಲ ಬಿಡವಾ."

"ನಿಲ್ತೈತ್ರಿ ಗೌಡ್ರ," ಎಂದಳು ಹೊನ್ನವ್ವ, ಒಳಗೊಳಗೇ ಅಳುಕುತ್ತ.

ಅಷ್ಟರಲ್ಲಿ ಆಡುಗಳ ಹೊಟ್ಟೆ ತುಂಬಿತು. ಎಲ್ಲವೂ ಒಟ್ಟಿಗೆ ಮೇಲೆದ್ದು ಬಲೆಗೆ ತಲೆ ಕೊಟ್ಟವು. ಕಂಬಗಳು ಕಿತ್ತು ಬಂದವು. ಬೇಲಿಯ ಜೊತೆ, ಕಂಬ ತಬ್ಬಿಕೊಂಡೇ ಇದ್ದ ಗೌಡರೂ ಬೇವಿನ ಮರದೆತ್ತರಕ್ಕೆ ಏರಿದರು.

"ಹೊನ್ನವ್ವಾ, ಇಳಸವಾ ನನ್ನ!"

"ಮೇವು ಅರಗಿದ್ರ ತಾವ ಇಳೀತಾವ್ರಿ. ಅಲ್ಲೀತನಕ ಕಂಬ ಬಿಡಬ್ಯಾಡ್ರಿ!"

ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡು, ಗುಂಡಿಗಳನ್ನು ಇನ್ನಷ್ಟು ಆಳ ಮಾಡಲು ಅವಳು ಹಾರೆ ಹಿಡಿದಳು.