ಚುಕ್ಕಿ ಹಾರದ ಬೆಳಗು

ಲೋಕವನ್ನು ಬರೆದಿರುವ ಕೋಡ್ ಎಲ್ಲರ ಸ್ವತ್ತು. ತಪ್ಪು ಕಂಡವರು ತಿದ್ದಬಹುದು. ಆದರೆ ತಿದ್ದಿದವರು, ತಿದ್ದಿದ್ದು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವ ಒಂದು ಟೆಸ್ಟನ್ನೂ ಬರೆದುಕೊಡಬೇಕು. ದಿನವೂ ಎಲ್ಲ ಟೆಸ್ಟುಗಳು ಪಾಸಾದ ಮೇಲೆಯೇ ಸೂರ್ಯ ಹುಟ್ಟುವುದು.

ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಗೋಡೆಯಿಂದ ಹಾರಿದ ಕೋಳಿಗಳು ಒಂದು ಗಳಿಗೆ ಗಾಳಿಯಲ್ಲೇ ನಿಂತುಬಿಡುತ್ತಿದ್ದವು. ಅದನ್ನು ಸರಿಮಾಡಿದವಳು ನಾನು! ನನ್ನ ತಿದ್ದುಪಡಿ ಒಪ್ಪಿಗೆಯಾದ ದಿನ ಓಣಿಗೆಲ್ಲ ಪೇಢೆ ಹಂಚಿದ್ದೆ. ಅಂದಿನಿಂದ ದಿನಾ ನಸುಕಿನಲ್ಲಿ ನನ್ನ ಟೆಸ್ಟಿಗೆಂದು ನಮ್ಮ ಕೋಳಿ ಚುಕ್ಕಿ ಗೋಡೆಯಿಂದ ಹಾರುತ್ತಿತ್ತು, ನೆಟ್ಟಗೆ ನೆಲ ಮುಟ್ಟುತ್ತಿತ್ತು, ಬೆಳಗಾಗುತ್ತಿತ್ತು.

ಇವತ್ತು ಮಾತ್ರ ನಸುಕು ಮುಗಿಯಲೇ ಇಲ್ಲ. ಪಕ್ಕದ ಮನೆಯ ರೇಷ್ಮಾ ಫೋನ್ ಹಿಡಿದು ಓಡಿ ಬಂದಳು.

"ಮಾಳಕ್ಕಾ, ನಿನ್ನ ಟೆಸ್ಟ್ ಒಂದ ಉಳದೈತಿ! ಚುಕ್ಕಿ ಎಲ್ಲಿ?"

"ಕಾವಿಗೆ ಕುಂತೈತಿ. ಎಬ್ಬಸಾಕ ಹೋದ್ರ ಕುಕ್ಕತೈತಿ."

"ಯಾವ ಕೋಳಿಯಾದ್ರೂ ನಡೀತೈತಿ ಅಂತ ಬರಿಯೂದು ಬಿಟ್ಟು, ಚುಕ್ಕಿನೇ ಹಾರಬೇಕು ಅಂತ ಬರದೀಯೇನ?"

"ನಮ್ಮ ಚುಕ್ಕಿ ಹೆಸರು ಲೋಕದಾಗ ಇರಲಿ ಅಂತ..."

ರೇಷ್ಮಾ ಹಣೆ ಬಡಿದುಕೊಂಡು ನಕ್ಕಳು. ಕಟ್ಟೆಯ ಮೇಲೆ ಕೂತು ಇಬ್ಬರೂ ಆ ಸಾಲನ್ನು ತಿದ್ದಿದೆವು: ಓಣಿಯ ಯಾವ ಕೋಳಿಯಾದರೂ ಸರಿ. ಅವಳು ಒಪ್ಪಿಗೆ ಒತ್ತಿದಳು.

ಅಷ್ಟರಲ್ಲಿ ಸುದ್ದಿ ಹರಡಿತ್ತು. ತಲೆ ಎತ್ತಿದರೆ ಗೋಡೆಗೊಬ್ಬರಂತೆ ಜನ ತಮ್ಮ ತಮ್ಮ ಕೋಳಿ ಹಿಡಿದು ನಿಂತಿದ್ದಾರೆ! ಕೋಳಿಗಳೆಲ್ಲ ಒಟ್ಟಿಗೇ ಹಾರಿದವು. ಯಾವುದು ಮೊದಲು ನೆಲ ಮುಟ್ಟಿತೋ ದೇವರೇ ಬಲ್ಲ. ಸೂರ್ಯ ಹುಟ್ಟಿದ.

"ನಮ್ದು! ನಮ್ದು!" ಎಂದು ಇಡೀ ಓಣಿ ಕೂಗಿತು.