ಎರಡು ಬೆರಳು ಕಮ್ಮಿ

ಕೋಚ್ ಕಾಂತರಾಜ್ ಸಾರ್ ಅಳತೆಯ ಹಲಗೆಯನ್ನು ರಂಜಿತಳ ತಲೆಯ ಮೇಲೆ ಇಳಿಸಿದರು. ಹಲಗೆ ನೆತ್ತಿ ಮುಟ್ಟುವ ಮೊದಲೇ ಮೆತ್ತಗೆ ನಿಂತುಬಿಟ್ಟಿತು. ಒತ್ತಿದರು, ಇಳಿಯಿತು. ಕೈ ಬಿಟ್ಟರು, ಮತ್ತೆ ಮೇಲೆದ್ದಿತು. ಮೊಮ್ಮಗಳು ಎತ್ತರ ಕಾಣಲಿ ಎಂದು ಅಕ್ಕಯಮ್ಮ ಬೆಳಿಗ್ಗೆ ಗೌನಿಪಲ್ಲಿಯಲ್ಲೇ ತನ್ನ ಹಳೆಯ ಚೌರಿ ಸೇರಿಸಿ ನೆತ್ತಿಯ ಮೇಲೊಂದು ತುರುಬು ಕಟ್ಟಿದ್ದಳು. ಸಾಲದ್ದಕ್ಕೆ ತಾನೂ ಜೊತೆಗೆ ಬಂದಿದ್ದಳು.

"ಅಜ್ಜೀ, ಇದು ವಾಲಿಬಾಲ್ ಹಾಸ್ಟೆಲ್‌ಗೆ ಆಯ್ಕೆ. ಹೆಣ್ಣು ತೋರ್ಸೋ ಶಾಸ್ತ್ರ ಅಲ್ಲ!"

ಕೋಲಾರದ ಸ್ಟೇಡಿಯಮ್ಮಿನಲ್ಲಿ ಸಾಲುಗಟ್ಟಿ ನಿಂತಿದ್ದ ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಚೌರಿ ಬಿಚ್ಚಿದ್ದಾಯಿತು. ಗೋಡೆಯ ಮೇಲಿನ ಕೆಂಪು ಗೆರೆಗೆ ರಂಜಿತ ಎರಡು ಬೆರಳು ಕಮ್ಮಿ ಬಿದ್ದಳು.

"ಇನ್ನೂ ಬೆಳೀತಾಳೆ ಸಾಮೀ, ಎಳೇ ಮಗು," ಎಂದಳು ಅಕ್ಕಯಮ್ಮ.

"ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು ಅಂತ ನಾನೂ ಹೇಳ್ತೀನಿ ಅಜ್ಜೀ. ನೆಟ್ಟು ಗಾದೆ ಕೇಳಲ್ವಲ್ಲ! ಎತ್ತರ ಒಂದಿದ್ರೆ ಮಿಕ್ಕಿದ್ದು ನಾವು ಕಲಿಸ್ಕೋತೀವಿ." ಕಾಂತರಾಜ್ ಕೆಟ್ಟವರೇನಲ್ಲ. ಗೆರೆ ಮುಟ್ಟದ ಒಬ್ಬರನ್ನು ಆಟ ನೋಡಿ ಸೇರಿಸಿಕೊಳ್ಳುವ ಅಧಿಕಾರವೂ ಅವರಿಗಿತ್ತು. ಆದರೆ ಇಷ್ಟು ವರ್ಷದಲ್ಲಿ ಅದಕ್ಕೆ ಒಮ್ಮೆಯೂ ಬಿಸಿಲು ತೋರಿಸಿದವರಲ್ಲ. ಅಳತೆಯಲ್ಲಿ ಯಾರೂ ತಗಾದೆ ತೆಗೆಯುವಂತಿಲ್ಲ ನೋಡಿ.

ರಂಜಿತಳ ಶಾಲೆಯ ಗೆಳತಿ ಪವಿತ್ರ ಇದನ್ನೆಲ್ಲ ನೋಡುತ್ತಿದ್ದಳು. ವೇಮಗಲ್ಲಿನ ಈ ಹುಡುಗಿ ಕೆಂಪು ಗೆರೆಯಿಂದ ಗೇಣು ಮೇಲಿದ್ದಳು. ಶ್ರೀನಿವಾಸಪುರದ ವಸತಿ ಶಾಲೆಗೆ ಸೇರಿದ ಹೊಸದರಲ್ಲಿ ಎಲ್ಲರೂ ಅವಳನ್ನು 'ಲೈಟು ಕಂಬ' ಎಂದು ಆಡಿಕೊಳ್ಳುತ್ತಿದ್ದರು. ಎಲ್ಲಿ ನಿಲ್ಲಬೇಕೆಂದು ತಿಳಿಯದ ಆ ಕಂಬಕ್ಕೆ ದಿನವೂ ಸಂಜೆ ಚೆಂಡೆತ್ತಿ ಕೊಟ್ಟು ಹೊಡೆಯುವುದನ್ನು ರೂಢಿ ಮಾಡಿಸಿದವಳು ರಂಜಿತ. ಗೆದ್ದಾಗ ಎಲ್ಲರೂ ಪವಿತ್ರಳನ್ನೇ ಹೊತ್ತು ಕುಣಿದರು. ಚೆಂಡೆತ್ತಿ ಕೊಟ್ಟವಳು ಬಾಟಲಿಗೆ ನೀರು ತುಂಬಿಸುತ್ತಿದ್ದಳು. ಆ ಋಣ ಪವಿತ್ರಳ ಎದೆಯಲ್ಲಿ ಹಾಗೇ ಕೂತಿತ್ತು.

ಅಳತೆ ದಾಟಿದವರ ಆಟ ಶುರುವಾಯಿತು. ಲಿಫ್ಟಿಗೆ, ಅಂದರೆ ಹೊಡೆಯುವವರಿಗೆ ಚೆಂಡೆತ್ತಿ ಕೊಡಲು, ನಿಂತವಳೂ ಎತ್ತರದ ಹುಡುಗಿಯೇ. ಆದರೆ ಅವಳೆತ್ತಿದ ಚೆಂಡು ಒಮ್ಮೆ ಪವಿತ್ರಳ ಬೆನ್ನ ಹಿಂದೆ, ಒಮ್ಮೆ ನೆಟ್ಟಿನಾಚೆ. ಪವಿತ್ರ ಹಾರಿ ಹಾರಿ ಗಾಳಿಗೆ ಹೊಡೆದಳು.

"ಏನಮ್ಮಾ, ಇಷ್ಟುದ್ದ ಕೈ ಇಟ್ಕೊಂಡು ನೊಣ ಓಡಿಸ್ತಿದ್ದೀಯಾ? ಹಿಂಗಾದ್ರೆ ನಿನ್ನೂ ಮನೆಗೆ ಕಳಿಸ್ಬೇಕಾಗ್ತದೆ!"

ಪವಿತ್ರ ಸಾರ್ ಕಡೆ ತಿರುಗಿದಳು. ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಟ್ಟಳು. "ಸಾರ್, ನನ್ನ ಹೊಡ್ತ ನೋಡ್ಬೇಕು ಅಂದ್ರೆ ಎತ್ತಿ ಕೊಡೋಳು ಬೇಕಲ್ವಾ? ರಂಜಿತನ್ನ ಆಡೋಕೆ ಬಿಡಿ ಸಾರ್. ಅವಳಿಲ್ದೇ ನಾನು ಬರೀ ಕಂಬಾನೇ."

ಕಾಂತರಾಜ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಂಥ ಎತ್ತರವನ್ನು ಬಿಟ್ಟುಕೊಡಲು ಅವರಿಗೂ ಮನಸ್ಸಿರಲಿಲ್ಲ. "ಹೂಂ, ಐದೇ ನಿಮಿಷ," ಎಂದರು.

ರಂಜಿತ ಬಿಚ್ಚಿದ ಕೂದಲನ್ನು ಗಂಟು ಹಾಕಿಕೊಂಡು ಓಡಿ ಬಂದಳು. ಮೊದಲ ಚೆಂಡು ಅವಳ ಬೆರಳಿಗೆ ಬಂದದ್ದೂ ಹೋದದ್ದೂ ಸದ್ದಾಗಲಿಲ್ಲ. ಪವಿತ್ರ ಹಾರಿದಾಗ ಅದು ಅಲ್ಲಿ ಕಾಯುತ್ತಿತ್ತು. ಢಬ್! ಎದುರಿನವರು ಮಿಸುಕಲಿಲ್ಲ. ಇನ್ನೊಂದು, ಮತ್ತೊಂದು. "ನಮ್ಮ ತೋಪಲ್ಲಿ ಮರದ ಮೇಲಿಂದ ಕಿತ್ತು ಬಿಡೋ ಮಾವಿನಕಾಯಿ ಹಿಡಿಯೋಳು ಅವಳೇ ಸಾಮೀ," ಎಂದು ಅಕ್ಕಯಮ್ಮ ಪಕ್ಕದಿಂದ ಕೂಗಿದಳು.

ಅದು ಪವಿತ್ರ ಕಣ್ಣಾರೆ ಕಂಡದ್ದು. ಹೋದ ಬೇಸಿಗೆ ಗೌನಿಪಲ್ಲಿಗೆ ಹೋಗಿದ್ದಾಗ, ಮರ ಹತ್ತಿ ಕಿತ್ತವನು ರಂಜಿತಳ ಮಾವ. ತೋಪಿನ ಮೊದಲ ಹಣ್ಣು ಮಾತ್ರ ಕೆಳಗೆ ನಿಂತು ಹಿಡಿದ ರಂಜಿತಳಿಗೆ. ಇದ್ಯಾವ ನ್ಯಾಯ ಎಂದು ಪವಿತ್ರ ನಕ್ಕಿದ್ದಳು. "ಕೀಳೋದು ಯಾರಾದ್ರೂ ಕೀಳ್ತಾರೆ ಕಣಮ್ಮಾ, ಏಟು ಬೀಳ್ದಂಗೆ ಹಿಡಿಯೋರು ಬೇಕು," ಎಂದಿದ್ದಳು ಅಕ್ಕಯಮ್ಮ. ಅವರ ಮನೆಯ ಪದ್ಧತಿಯೇ ಅದು.

ಮುಂದಿನ ಚೆಂಡಿಗೆ ಎದುರಿನ ಇಬ್ಬರು ಉದ್ದನೆಯವರೂ ಪವಿತ್ರಳ ಮುಂದೆಯೇ ಬಂದು ಗೋಡೆ ಕಟ್ಟಿದರು. ಪವಿತ್ರ ಹಾರಿದಳು. ಚೆಂಡು ಬರಲಿಲ್ಲ. ರಂಜಿತ ಅದನ್ನು ಹಿಂದಕ್ಕೆ, ಅಷ್ಟು ಹೊತ್ತೂ ಯಾರೂ ಲೆಕ್ಕಕ್ಕೇ ಇಟ್ಟಿರದ ಮಾಲೂರಿನ ಹುಡುಗಿಗೆ ಕಳಿಸಿದ್ದಳು. ಆ ಹುಡುಗಿ ಖಾಲಿ ಜಾಗಕ್ಕೆ ಬಾರಿಸಿ, ತಾನೇ ನಂಬಲಾರದೆ ಬಾಯಿ ಮುಚ್ಚಿಕೊಂಡಳು.

"ಏಯ್, ಅವಳಿಗ್ಯಾಕೆ ಹಾಕ್ದೆ?" ಕಾಂತರಾಜ್ ಎದ್ದೇ ನಿಂತಿದ್ದರು.

"ಎಲ್ರೂ ಪವಿತ್ರನ್ನೇ ನೋಡ್ತಿದ್ರು ಸಾರ್. ಅವಳ್ನ ಯಾರೂ ನೋಡ್ತಿರ್ಲಿಲ್ಲ."

ಕಾಂತರಾಜ್ ಕೈಯಲ್ಲಿದ್ದ ಹಲಗೆಯನ್ನೊಮ್ಮೆ ನೋಡಿ ಗೋಡೆಗೆ ಒರಗಿಸಿದರು. "ಅಜ್ಜೀ, ಮೊಮ್ಮಗಳ ಬಟ್ಟೆಬರೆ ತಂದ್ಬಿಡಿ. ಚೌರಿ ಮಾತ್ರ ಊರಲ್ಲೇ ಇರ್ಲಿ." ಪಟ್ಟಿಯಲ್ಲಿ ಪವಿತ್ರಳ ಹೆಸರನ್ನೂ ಬರೆದುಕೊಂಡರು; ಆದರೆ ಅವಳಿಗೆ ಅದಕ್ಕಿಂತ ರಂಜಿತ ಸೇರಿದ್ದೇ ಹೆಚ್ಚು ಸಂತೋಷ. ಕಣ್ಣು ತುಂಬಿ ಬಂತು.

ಅಕ್ಕಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಚೀಲದಿಂದ ಬಾದಾಮಿ ಮಾವಿನ ಹಣ್ಣೊಂದನ್ನು ತೆಗೆದಳು. ತೋಪಿನ ಈ ವರ್ಷದ ಮೊದಲ ಹಣ್ಣು. ರಂಜಿತ ಅಭ್ಯಾಸದಂತೆ ಕೈ ಚಾಚಿದಳು.

"ಆ ಕಡೆ ಸರಿಯೇ, ನಿಂಗಲ್ಲ."

ಮುದುಕಿ ಪವಿತ್ರಳ ಮುಂದೆ ಬಂದು ತಲೆ ಮುಟ್ಟಲು ಕೈಯೆತ್ತಿದಳು. ಎಟುಕಲಿಲ್ಲ. ಪವಿತ್ರ ಅಂಕಣದ ಮಣ್ಣಿನಲ್ಲೇ ಮಂಡಿಯೂರಿದಳು. ಅಕ್ಕಯಮ್ಮ ಅವಳ ಎರಡೂ ಅಂಗೈ ಜೋಡಿಸಿ ಹಣ್ಣನ್ನು ಮೆಲ್ಲಗೆ ಇಟ್ಟಳು.

"ಇವತ್ತು ಬೀಳ್ತಿದ್ದಿದ್ದು ನಮ್ಮ ಕಾಯಿ ಕಣಮ್ಮಾ. ಕೆಳಗೆ ನಿಂತು ಹಿಡಿದೋಳು ನೀನು."