ತಮಾಷೆಗೆ ಎತ್ತಿದ ಕೈ

"ಓಟಿಲಿಯಾ ಮಾನ್ಸರ್!" ಎಂದು ಬಾದಿಷ್ಟ್ ಮಾನ್ಸರ್ ತನ್ನ ಹೆಂಡತಿಯ ಹೆಸರನ್ನೇ ಕೂಗಿದಾಗ ಓಬರ್‌ಬಾಖ್ ಇಗರ್ಜಿಯ ಬಯಲಿನಲ್ಲಿ ಎದ್ದ ನಗೆಗೆ ಎದುರು ಬೆಟ್ಟದ ಹಿಮ ಅರ್ಧ ಗಜ ಕೆಳಗೆ ಜಾರಿತು. ಸುಳ್ಳಲ್ಲ, ನಾನು ಅಲ್ಲೇ ನಿಂತಿದ್ದೆ. ಇಡೀ ಸ್ವಿಟ್ಜರ್ಲೆಂಡಿನಲ್ಲಿ ತಮಾಷೆಗೆ ಹೆಸರಾದವರು ಅಪೆನ್‌ಝೆಲ್ ಸೀಮೆಯ ನಾವು, ನಮ್ಮಲ್ಲಿ ಬಾದಿಷ್ಟ್. ಅವನ ಮಾತಿಗೆ ಹಸುಗಳೂ ಮೆಲುಕು ನಿಲ್ಲಿಸಿ ನಗುತ್ತವೆ.

ಅದು 1991ರ ಮೇ ತಿಂಗಳ ಮೊದಲ ಭಾನುವಾರ. ಹಿಂದಿನ ವರ್ಷವಷ್ಟೇ ಸೀಮೆಯ ಗಂಡಸರೆಲ್ಲ ಸೇರಿ, ಹೆಂಗಸರಿಗೆ ಓಟು ಬೇಡವೇ ಬೇಡ ಎಂದು ತೀರ್ಮಾನಿಸಿ ಬಂದಿದ್ದರು. ದೇಶದ ದೊಡ್ಡ ಕೋರ್ಟು 'ಕೊಡಲೇಬೇಕು' ಎಂದಿತು. ಹಾಗಾಗಿ ಓಟುಳ್ಳವರು ಮಾತ್ರ ನಿಲ್ಲುವ ಊರ ಸಭೆಯ ವೃತ್ತದೊಳಗೆ ಮೊದಲ ಸಲ ಅರವತ್ತು ಹೆಂಗಸರು ಕೈಚೀಲಗಳನ್ನು ಎದೆಗವಚಿಕೊಂಡು ನಿಂತಿದ್ದರು.

ಪಂಚಾಯಿತಿಯಲ್ಲಿ ಒಂದು ಜಾಗ ಖಾಲಿಯಿತ್ತು. ನಿಂತಲ್ಲಿಂದ ಯಾರು ಬೇಕಾದರೂ ಹೆಸರು ಕೂಗಬಹುದು. ಎಲ್ಲರ ಕಣ್ಣೆದುರು ಕೈ ಎತ್ತಬೇಕು. ಗುಟ್ಟಿನ ಚೀಟಿಗೀಟಿ ನಮ್ಮಲ್ಲಿಲ್ಲ. ಚೀಸ್ ವ್ಯಾಪಾರಿ ರುಷ್‌ನ ಹೆಸರು ಆಗಲೇ ಬಂದಿತ್ತು. ಅವನನ್ನು ಕಂಡರೆ ಇರುವೆಗೂ ಆಗದು. ಆದರೆ ಊರಿನ ಹಾಲನ್ನೆಲ್ಲ ಕೊಳ್ಳುವವನು ಅವನೇ. ಅವನು ನೋಡುತ್ತಿರುವಾಗ ಬೇರೆಯವರಿಗೆ ಕೈ ಎತ್ತುವ ಗಂಡು ಇನ್ನೂ ಹುಟ್ಟಿರಲಿಲ್ಲ. ಆಗಲೇ ಬಾದಿಷ್ಟ್ ಆ ಹೆಸರು ಕೂಗಿದ್ದು. ರುಷ್ ಕೂಡ ಹೊಟ್ಟೆ ಕುಣಿಸಿಕೊಂಡು ನಕ್ಕ.

ಸಭೆ ನಡೆಸುತ್ತಿದ್ದ ಪಂಚಾಯಿತಿ ಮುಖ್ಯಸ್ಥ ಡೋರಿಗ್ ನಗಲಿಲ್ಲ. ಅವನು ಹುಟ್ಟುವಾಗಲೂ ಗಂಭೀರವಾಗಿಯೇ ಹುಟ್ಟಿದವನು. ಮೊದಲು ರುಷ್‌ಗೆ ಕೈ ಕೇಳಿದ. ನಗುವಿನ ನಡುವೆ ಅವನ ನೆಂಟರ ನಾಲ್ಕಾರು ಕೈ ಎದ್ದವು. ಆಮೇಲೆ ಓಟಿಲಿಯಾಗೆ ಕೇಳಿದ. ಗಂಡಸರು ಮುಸಿಮುಸಿ ನಗುತ್ತ ಎತ್ತಿದರು. ತಮಾಷೆಗೆ ಎತ್ತಿದ ಕೈಗೆ ರುಷ್ ಸಿಟ್ಟಾಗಲಾರ, ತಾನೊಬ್ಬ ಎತ್ತಿದರೆ ಏನಾದೀತೆಂದು ಪ್ರತಿಯೊಬ್ಬನ ಲೆಕ್ಕ. ಹೆಂಗಸರು ನಗದೆ ಎತ್ತಿದರು. ಆ ಕೈಗಳ ಕಾಡಿನ ನೆರಳಿಗೆ ಇಗರ್ಜಿಯ ಗಡಿಯಾರ ಕತ್ತಲಾಯಿತೆಂದು ಹತ್ತು ನಿಮಿಷ ನಿಂತೇಬಿಟ್ಟಿತು.

"ಆರಿಸಿ ಬಂದೋರು ಓಟಿಲಿಯಾ ಮಾನ್ಸರ್," ಎಂದ ಡೋರಿಗ್.

"ಅಯ್ಯೋ, ತಡೀರಿ ಯಜಮಾನ್ರೇ! ನಾನು ತಮಾಷೆಗಂದೆ," ಎಂದ ಬಾದಿಷ್ಟ್.

"ಕೈ ನಿಜವಾಗ್ಲೂ ಎದ್ವಲ್ಲಪ್ಪ."

"ಅವಳಿಗೆ ಬೇಡವಂತೆ!"

"ಬೇಡ ಅನ್ನೋ ಹಾಗಿಲ್ಲ. ಆರಿಸಿದ ಮೇಲೆ ವರ್ಷ ಪೂರ್ತಿ ಮಾಡ್ಲೇಬೇಕು, ಕಾನೂನು. ನಿಮ್ಮಪ್ಪ ಅಳ್ತಾ ಅಳ್ತಾ ಮಾಡ್ಲಿಲ್ವಾ? ಅರವತ್ತೈದು ದಾಟಿದ್ರೆ ಮಾತ್ರ ಮಾಫಿ."

"ಅವಳಿಗೆ ಅರವತ್ತಾರು!"

"ನಲವತ್ತೊಂಬತ್ತು," ಎಂದಳು ಓಟಿಲಿಯಾ.

ಆ ವೃತ್ತದೊಳಗೆ ಹೆಣ್ಣೊಬ್ಬಳು ಆಡಿದ ಮೊಟ್ಟಮೊದಲ ಮಾತು ಅದು. ಇನ್ನೂರು ತಲೆಗಳು ಒಟ್ಟಿಗೆ ತಿರುಗಿದ ಗಾಳಿಗೆ ಪಾದ್ರಿಯ ಟೋಪಿ ಹಾರಿತು. ಓಟಿಲಿಯಾಳ ಕಿವಿ ಕೆಂಪಾಗಿತ್ತು. ಬಾದಿಷ್ಟ್ ಅವಳ ತೋಳು ಹಿಡಿದು ಪಿಸುಗುಟ್ಟಿದ: "ತಲೆ ಸುತ್ತು ಅಂತ ಕೂತ್ಬಿಡೇ. ಡಾಕ್ಟರ ಚೀಟಿ ನಾನು ತರ್ತೀನಿ. ವೇದಿಕೆ ಹತ್ತಿ ನಿಂತ್ರೆ ನಗೆಪಾಟಲಾಗ್ತೀಯ."

"ಆಗ್ಲೇ ಮಾಡಿದೀಯಲ್ಲ. ಕೂತ್ರೆ ಸಾಯೋವರೆಗೂ ನಗ್ತಾರೆ. ನಿಂತ್ರೆ ಒಂದು ವರ್ಷ."

ಕೈಚೀಲವನ್ನು ಅವನಿಗೇ ಹಿಡಿಯಲು ಕೊಟ್ಟು ಅವಳು ವೇದಿಕೆಗೆ ನಡೆದಳು. ನಮ್ಮ ಪದ್ಧತಿಯಂತೆ ಮೂರು ಬೆರಳೆತ್ತಿ ಪ್ರಮಾಣ ಮಾಡಿದಳು. ಎತ್ತುವ ಮುಂಚೆ ಆ ಬೆರಳುಗಳನ್ನು ಲಂಗಕ್ಕೆ ಒರೆಸಿಕೊಂಡದ್ದು ಯಾರಿಗೂ ಕಾಣಿಸಲಿಲ್ಲ. ನನಗೆ ಕಾಣಿಸಿತು, ನನ್ನ ಕಣ್ಣೆಂದರೆ ಹದ್ದುಗಳು ಬಂದು ಪಾಠ ಹೇಳಿಸಿಕೊಂಡು ಹೋಗುತ್ತವೆ.

ಮನೆಯ ದಾರಿಯಲ್ಲಿ ಮೊದಲ ತಿರುವಿಗೇ ಮರದ ಮಿಲ್ಲಿನ ಕೋಲರ್ ಕಾದಿದ್ದ. ಮೂವತ್ತು ವರ್ಷ ಅವಳನ್ನು 'ಏನೇ' ಎಂದವನು ಟೋಪಿ ತೆಗೆದ. "ಓಟಿಲಿಯಾ ಅವರೇ, ನಾನು ತಮಾಷೆಗೆ ಎತ್ಲಿಲ್ಲ, ಮನಸಾರೆ ಎತ್ತಿದ್ದು. ರುಷ್ ಕಿವಿಗೆ ಬೀಳೋದು ಬೇಡ. ಹಾಗೇ, ನಮ್ಮ ಮಿಲ್ಲಿನ ರಸ್ತೆ ಸ್ವಲ್ಪ..." ಸೇತುವೆಯ ಬಳಿ ಬಡಗಿ, ನೀರಿನ ತೊಟ್ಟಿಯ ಬಳಿ ಅವನ ತಮ್ಮ, ಬೇಲಿಯ ಸಂದಿಯಲ್ಲಿ ಸ್ವತಃ ರುಷ್‌ನ ಅಳಿಯ. ಎಲ್ಲರದ್ದೂ ಅದೇ ಪಿಸುಮಾತು. ಸಭೆಯಲ್ಲಿದ್ದವರು ಹೆಂಗಸರೂ ಸೇರಿ ಇನ್ನೂರ ಹನ್ನೆರಡು. ಮನಸಾರೆ ಎತ್ತಿದ ಗಂಡಸರು, ನಾನೇ ಎಣಿಸಿದ್ದೇನೆ, ಮುನ್ನೂರು.

ಸಂಜೆ ಓಟಿಲಿಯಾ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಾಗ ಬಾದಿಷ್ಟ್ ಬಾಗಿಲಿಗೆ ಒರಗಿ ನಿಂತ. ಅವನ ಬಾಯಿಂದ ಒಂದು ಗಂಟೆ ಒಂದೂ ತಮಾಷೆ ಬರಲಿಲ್ಲ. ಊರಿಗೆ ಊರೇ ವೈದ್ಯರನ್ನು ಕರೆಸುವಂಥ ಸಂಗತಿ ಅದು.

"ದಾರಿ ಉದ್ದಕ್ಕೂ ಏನಂತೆ ಅವ್ರದ್ದು?" ಎಂದ.

"ಮನಸಾರೆ ಎತ್ತಿದ್ರಂತೆ. ಎಲ್ರೂ."

ಅವನು ಹುಲ್ಲಿನ ಕಡ್ಡಿಯೊಂದನ್ನು ಎತ್ತಿಕೊಂಡು ಮುರಿದ. ಈಗ ಒಂದು ಸುಳ್ಳು ಹೇಳುವುದು ಅವನಿಗೆಷ್ಟು ಸುಲಭವಿತ್ತು!

"ನಾನು ತಮಾಷೆಗೇ ಕೂಗಿದ್ದು ಕಣೇ," ಎಂದ. "ಕೈನೂ ಎತ್ಲಿಲ್ಲ. ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಂಡಿದ್ದೆ."

ಓಟಿಲಿಯಾ ಎದ್ದು, ತನ್ನ ಏಪ್ರನ್ ಬಿಚ್ಚಿ ಅವನ ಕೊರಳಿಗೆ ಹಾಕಿದಳು.

"ಇವತ್ತು ನಂಗೆ ನಿಜ ಹೇಳಿದ ಗಂಡಸು ನೀನೊಬ್ಬನೇ ಕಣೋ," ಎಂದಳು.